ಹುಳುಮನೆಯಿಂದ ಹೊರಬಿದ್ದ ಮಾತು

ಹೊಸದಾಗಿ ಅಚ್ಚು ಹಾಕಿದ ಟೀ ಶರ್ಟಿಗೆ ಒಂದು ವಾಸನೆಯಿದೆ. ಬಿಸಿ ಇಸ್ತ್ರಿಪೆಟ್ಟಿಗೆಗೆ ಅಂಟು ತಗಲಿದರೆ ಏಳುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದು. ನಾನು ಚಿಕ್ಕಬಳ್ಳಾಪುರದಲ್ಲಿ ಮನೆಯಲ್ಲೇ ಕೂತು ಟೀ ಶರ್ಟು, ಕಾಫಿ ಮಗ್ಗು, ಬಟ್ಟೆಚೀಲಗಳ ಮೇಲಿನ ಚಿತ್ರ ಮಾಡಿ ಬದುಕುವವಳು. ವಾರಕ್ಕೊಂದಾದರೂ ಮಾದರಿ ಪಾರ್ಸಲ್ಲು ಬರುತ್ತದೆ. ಕವರು ಕತ್ತರಿಸಿದ ಕೂಡಲೇ ಆ ವಾಸನೆ ಮೂಗಿಗೆ ಬಡಿಯುತ್ತದೆ, ಅದರ ಬೆನ್ನಿಗೇ ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರುತ್ತದೆ. ನಮ್ಮ ಬೀದಿಯಲ್ಲಿ ಹಿಪ್ಪುನೇರಳೆಯ ಒಂದು ಕಡ್ಡಿಯೂ ಇಲ್ಲ. ವಾಸನೆ ಇರುವುದು ನನ್ನ ತಲೆಯಲ್ಲಿ. ಸಾದಲಿಯಿಂದ ಆಚೆಗಿನ ಒಂದು ಹಳ್ಳಿಯಲ್ಲಿ ನಾನು ಹಿಂದೊಮ್ಮೆ ಒಂಬತ್ತು ತಿಂಗಳು ಇದ್ದೆ. ನನ್ನ ಕಸುಬು ಕೈಗೆ ಹತ್ತಿದ್ದು ಆಗ. ನನ್ನನ್ನು ಎತ್ತಿ ಆಡಿಸಿದ ದೊಡ್ಡಮ್ಮನ ಬಾಯಿಗೆ ನಾನು ಬೀಗ ಹಾಕಿದ್ದೂ ಆಗಲೇ.

ಆಗ ನನಗೆ ಇಪ್ಪತ್ತಾರು. ಅದಕ್ಕೆ ಮುಂಚೆ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್ ಆಗಿದ್ದೆ. ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಗಣೇಶ ಕೂರಿಸುವವರ ಬ್ಯಾನರು, ಎಲ್ಲಾ ನನ್ನ ಕೈಯಲ್ಲೇ ಆಗುತ್ತಿತ್ತು. ಒಂದೇ ಬ್ಯಾನರಿನಲ್ಲಿ ನಲವತ್ತು ಮುಖ ಹಿಡಿಸಿ, ಯಾರ ಮುಖವೂ ಯಾರದಕ್ಕಿಂತ ಸಣ್ಣದಾಗದ ಹಾಗೆ ನೋಡಿಕೊಳ್ಳುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಬೇರೆ. ಫ್ಲೆಕ್ಸಿಗೆ ತಡೆ ಬಿದ್ದ ಮೇಲೆ ಕೆಲಸ ಕಮ್ಮಿಯಾಗಿ ಅಂಗಡಿ ಮುಚ್ಚಿತು. ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಅಷ್ಟರಲ್ಲಿ ದೊಡ್ಡಪ್ಪನಿಗೆ, ಅಂದರೆ ನಮ್ಮಪ್ಪನ ಅಣ್ಣನಿಗೆ, ಮಂಡಿ ಆಪರೇಷನ್ ಆಯಿತು. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಸೊಪ್ಪು ಕೊಯ್ಯಲು, ಹೊರಲು ದೊಡ್ಡಮ್ಮ ಒಬ್ಬಳೇ ಆದಳು. ಅವರಿಗೆ ಮಕ್ಕಳಿಲ್ಲ. "ಎರಡು ತಿಂಗಳು ಹೋಗಿ ಇದ್ದು ಬಾರಮ್ಮ" ಎಂದು ಅಪ್ಪ ಕಳಿಸಿದರು. ಹಳೇ ಲ್ಯಾಪ್‌ಟಾಪನ್ನು ಸೀರೆಯಲ್ಲಿ ಸುತ್ತಿಕೊಂಡು ಹೋದವಳು ಯುಗಾದಿ ಆಗುವವರೆಗೂ ಅಲ್ಲೇ ಉಳಿದೆ.

ಹೋದಾಗ ಆಷಾಢ. ಗಾಳಿ ಅಂದರೆ ಗಾಳಿ. ಸೊಪ್ಪಿನ ಹೊರೆ ತಲೆಯ ಮೇಲಿಟ್ಟುಕೊಂಡು ತೋಟದಿಂದ ಹೊರಟರೆ ಅದು ನನ್ನನ್ನೇ ಎಳೆದುಕೊಂಡು ಪಕ್ಕದವರ ಹೊಲಕ್ಕೆ ಹೋಗುತ್ತಿತ್ತು. ದೊಡ್ಡಮ್ಮ ನನಗಿಂತ ಗಿಡ್ಡ, ನನಗಿಂತ ತೆಳು, ವಯಸ್ಸು ಅರವತ್ತರ ಮೇಲೆ. ನನ್ನ ಹೊರೆಯ ಎರಡರಷ್ಟು ಹೊತ್ತು ಮುಂದೆ ಮುಂದೆ ಹೋಗುತ್ತಿದ್ದಳು. "ಫ್ಲೆಕ್ಸ್ ಹೊತ್ತಿದ್ ತಲೆ ಕಣಮ್ಮ ಅದು, ಗಾಳಿಗೆ ಹಾರುತ್ತೆ" ಎಂದು ತಿರುಗಿ ನೋಡದೆಯೇ ಛೇಡಿಸುತ್ತಿದ್ದಳು.

ಹುಳುಮನೆ ವಾಸದ ಮನೆಯಿಂದ ಇಪ್ಪತ್ತು ಹೆಜ್ಜೆ ದೂರ. ಅದರ ಕಟ್ಟುಪಾಡು ದೇವರಮನೆಯದಕ್ಕಿಂತ ಜಾಸ್ತಿ. ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದು ಒಳಗೆ ಹೋಗಬೇಕು. ಮಲ್ಲಿಗೆ ಮುಡಿಯುವ ಹಾಗಿಲ್ಲ, ಪೌಡರು ಬಳಿಯುವ ಹಾಗಿಲ್ಲ. ಹೊರಗಿನವರಿಗೆ ಪ್ರವೇಶವೇ ಇಲ್ಲ. ಹುಳು ಹೇಗಿದೆ ಎಂದು ಯಾರಾದರೂ ಕೇಳಿದರೆ "ಏನೋ ಇದಾವೆ" ಎನ್ನಬೇಕೇ ಹೊರತು ಚೆನ್ನಾಗಿದೆ ಎನ್ನಬಾರದು, ದೃಷ್ಟಿಯಾಗುತ್ತದೆ. ಇವೆಲ್ಲ ಎಲ್ಲರ ಮನೆಯಲ್ಲೂ ಇರುವವೇ. ನಮ್ಮ ದೊಡ್ಡಮ್ಮನ ಮನೆಯಲ್ಲಿ ಇನ್ನೊಂದಿತ್ತು. ಅವಳಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಂತೆ. ಹುಳುವಿನ ಮುಂದೆ ಆಡಿದ ಮಾತು ಹೊಸ್ತಿಲು ದಾಟಬಾರದು.

ಏಕೆಂದರೆ ದೊಡ್ಡಮ್ಮ ಹುಳುಗಳ ಜೊತೆ ಮಾತಾಡುತ್ತಿದ್ದಳು. ಅವಳ ತವರು ಆಂಧ್ರದ ಗಡಿಗೆ ಅಂಟಿಕೊಂಡ ಊರು. ಹೊರಗೆ ಕನ್ನಡವನ್ನೇ ಆಡಿದರೂ ಹುಳುಮನೆಗೆ ಹೋದರೆ ಅರ್ಧ ತೆಲುಗು ಬರುತ್ತಿತ್ತು. ಹುಳುಗಳಿಗೆ ನಾಯ್ನಾ ಎನ್ನುತ್ತಿದ್ದಳು. ತೆಲುಗಿನಲ್ಲಿ ಅಪ್ಪ ಎಂದು ಅದರ ಅರ್ಥ, ಮುದ್ದಿಗೆ ಮಕ್ಕಳನ್ನೂ ಹಾಗೆಯೇ ಕರೆಯುತ್ತಾರೆ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಮಲಗುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಇವಳು ದನಿ ತಗ್ಗಿಸಿ "ಮಲಕ್ಕೋ ನಾಯ್ನಾ, ಯಾರೂ ಎಬ್ಬಿಸಲ್ಲ" ಎನ್ನುತ್ತಿದ್ದಳು. ನಾನು ಮೊದಲ ವಾರ ಕಿಸಕ್ಕನೆ ನಕ್ಕೆ. ಅವಳಿಗೆ ಕೋಪ ಬರಲಿಲ್ಲ. "ಮಕ್ಕಳಿಗೆ ಆಡೋ ಮಾತು ಒಳಗೇ ಉಳ್ಕೊಂಬಿಟ್ಟೈತೆ ಶೈಲಮ್ಮ. ಎಲ್ಲಾದ್ರೂ ಆಡ್ಬೇಕಲ್ಲ. ಇವುಕ್ಕೆ ಬಾಯಿಲ್ಲ, ಎಲ್ಲೂ ಹೋಗಿ ಹೇಳಲ್ಲ" ಎಂದಳು. ಸೊಪ್ಪು ಹಾಸುತ್ತಲೇ ಹೇಳಿದ ಮಾತು ಅದು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲದಿರುವುದು ಇದರಿಂದಲೇ.

ಮಧ್ಯಾಹ್ನದ ಹೊತ್ತು ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ಕೂತು ನಾನು ಹೊಸ ವಿದ್ಯೆ ಕಲಿಯುತ್ತಿದ್ದೆ. ನಾವು ಚಿತ್ರ ಮಾಡಿ ಕಂಪನಿಯೊಂದರ ವೆಬ್‌ಸೈಟಿಗೆ ಹಾಕಿದರೆ ಸಾಕು. ಯಾರಾದರೂ ಬೇಕು ಎಂದಾಗ ಕಂಪನಿಯವರೇ ಒಂದು ಅಂಗಿಗೆ ಅಚ್ಚು ಹಾಕಿ, ಪ್ಯಾಕು ಮಾಡಿ, ಕೊಂಡವರ ಮನೆಗೆ ಕಳಿಸುತ್ತಾರೆ. ನಾವು ಬಟ್ಟೆ ಮುಟ್ಟಬೇಕಿಲ್ಲ, ಅಂಗಡಿ ಇಡಬೇಕಿಲ್ಲ. ಇದಕ್ಕಿಂತ ಸುಖ ಯಾವುದಿದೆ ಎಂದುಕೊಂಡು ನಂದಿ ಬೆಟ್ಟದ ಸೂರ್ಯೋದಯ, ಕಮಲದ ಹೂವು, ಧ್ಯಾನಕ್ಕೆ ಕೂತ ಆನೆ, ಎಲ್ಲಾ ಹಾಕಿದೆ. ತಿಂಗಳು ಕಳೆದರೂ ಹೋಗಿದ್ದು ಎರಡೇ. ಒಂದನ್ನು ಕೊಂಡವಳು ನನ್ನ ತಂಗಿ. ಇನ್ನೊಂದು ಅಳತೆ ಸರಿಯಿಲ್ಲ ಎಂದು ವಾಪಸು ಬಂತು.

ದೊಡ್ಡಮ್ಮ ಒಂದು ದಿನ ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಬಂದವಳು ಪರದೆಯ ಮೇಲಿನ ಆನೆಯನ್ನು ನೋಡಿದಳು.

"ಇದನ್ನ ಯಾರು ತಗೊಂತಾರೆ?"

"ಯಾರಾದ್ರೂ ತಗೊಂತಾರೆ ದೊಡ್ಡಮ್ಮ."

"ಯಾರಾದ್ರೂ ಅಂದ್ರೆ ಯಾರೂ ಇಲ್ಲ ಅಂತ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಲ್ಲಿ ನೋಡಿಲ್ವಾ? ನೂಲು ತೆಗೆಯೋನು ಬರ್ತಾನೆ, ಗೂಡಿನ ರಾಶಿಗೆ ಕೈ ಹಾಕ್ತಾನೆ, ಒಂದ್ ಗೂಡು ತಗೊಂಡು ಕಿವಿ ಹತ್ರ ಅಲ್ಲಾಡಿಸ್ತಾನೆ. ಅವನಿಗೆ ಏನ್ ಕೇಳಿಸ್ಬೇಕು ಅಂತ ನಾನು ಹುಳ ಮೇಯ್ಸೋವಾಗ್ಲೇ ಯೋಚ್ನೆ ಮಾಡಿರ್ತೀನಿ. ತಗೊಳ್ಳೋನ್ ಯಾರು ಅಂತ ಗೊತ್ತಿಲ್ದೆ ನೀನು ಆನೆ ಬರೀತಾ ಕೂತಿದೀಯ."

ನಾನು ನೋಡುತ್ತಿದ್ದ ಆನ್‌ಲೈನ್ ಪಾಠದವರು ಇದನ್ನೇ ಮೂರು ಗಂಟೆ ವಿಡಿಯೋದಲ್ಲಿ ಹೇಳಿದ್ದರು. ದೊಡ್ಡಮ್ಮ ಒಂದು ಬಕೆಟ್ ಬಟ್ಟೆ ತೆಗೆಯುವಷ್ಟರಲ್ಲಿ ಹೇಳಿ ಮುಗಿಸಿದಳು.

ಅವತ್ತೇ ನೋಟ್ ಪುಸ್ತಕ ತೆಗೆದು ನನ್ನ ಗಿರಾಕಿಯನ್ನು ಬರೆದೆ. ಹೆಸರು ನವೀನ. ವಯಸ್ಸು ಮೂವತ್ತೊಂದು. ಹುಟ್ಟಿದ್ದು ಚಿಂತಾಮಣಿ. ಇರುವುದು ಪಟ್ಟಣದ ಬಾಡಿಗೆ ಮನೆ. ಸ್ವಂತ ಮನೆಯ ಚಿಂತೆ ಹಗಲೂ ರಾತ್ರಿ. ಹೋಟೆಲ್ ಊಟ ತಿಂದು ಹೊಟ್ಟೆ ಬಂದಿದೆ. ಅಮ್ಮ ಫೋನಿನಲ್ಲಿ ಊಟ ಆಯಿತಾ ಎಂದು ಕೇಳಿದರೆ ರೇಗುತ್ತಾನೆ, ಆದರೆ ಕೇಳದಿದ್ದರೆ ಬೇಜಾರಾಗುತ್ತಾನೆ. ಮನೆಯಲ್ಲಿ ಕನ್ನಡ ತೆಲುಗು ಕಲಸಿ ಆಡುತ್ತಾನೆ, ಆಫೀಸಿನಲ್ಲಿ ಇಂಗ್ಲಿಷು. ಊರಿನದೊಂದು ಮಾತು ಕಿವಿಗೆ ಬಿದ್ದರೆ ಖುಷಿಯಾಗುತ್ತದೆ. ಎರಡು ಪುಟ ಬರೆದೆ. ನವೀನ ನನಗೆ ಸೋದರಮಾವನ ಮಗನಷ್ಟು ಪರಿಚಯವಾದ. ಅವನಿಗೆ ಏನು ಕೊಡಬೇಕು ಎಂಬುದು ಮಾತ್ರ ಹೊಳೆಯಲಿಲ್ಲ.

ಹೊಳೆದಿದ್ದು ಗೌರಿ ಹಬ್ಬ ಕಳೆದ ಮೇಲೆ. ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಆಮೇಲಿನ ಒಂದು ವಾರ ಅವು ತಿನ್ನುವುದನ್ನು ನೋಡಬೇಕು. ಸೊಪ್ಪು ಹಾಸಿ ತಿರುಗುವಷ್ಟರಲ್ಲಿ ಬರೀ ಕಡ್ಡಿ ಉಳಿದಿರುತ್ತದೆ. ಮಳೆ ಬಂದ ಹಾಗೆ ಸದ್ದು ಎಂದು ಎಲ್ಲರೂ ಹೇಳುತ್ತಾರೆ. ಹೌದು, ಹಾಗೆಯೇ ಇರುತ್ತದೆ. ಆ ವಾರ ಕಳೆದರೆ ಅವು ತಿನ್ನುವುದು ನಿಲ್ಲಿಸಿ ಗೂಡು ಕಟ್ಟಲು ಶುರುಮಾಡುತ್ತವೆ. ದೊಡ್ಡಮ್ಮ ಹುಳು ಹಾಸಿದ ಕೊನೆಯ ಸ್ಟ್ಯಾಂಡಿನ ಹತ್ತಿರ ಬಗ್ಗಿ, ಮೂಲೆಯಲ್ಲಿದ್ದ ಸಣಕಲು ಹುಳುವೊಂದರ ಮುಂದೆ ಎಳೆ ಸೊಪ್ಪು ಇಟ್ಟಳು.

"ತಿನ್ನು ನಾಯ್ನಾ, ತಿನ್ನು. ನಾಳೆ ಮನೆ ಕಟ್ಕೋಬೇಕು."

ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ನವೀನ ಕಣ್ಣ ಮುಂದೆ ಬಂದ. ಅವನ ಹೊಟ್ಟೆ, ಅವನ ಬಾಡಿಗೆ ಮನೆ, ಅವನ ಅಮ್ಮ, ಅವನ ಕಲಬೆರಕೆ ಭಾಷೆ, ಎಲ್ಲಕ್ಕೂ ಒಂದೇ ಅಳತೆಗೆ ಹೊಲಿದ ಹಾಗಿತ್ತು ಆ ಮಾತು. ಸಂಜೆಯೊಳಗೆ ತಾರಸಿಯ ಮೇಲೆ ಚಿತ್ರ ಮುಗಿಸಿದ್ದೆ. ಎಲೆಯ ತಟ್ಟೆ ಮುಂದಿಟ್ಟುಕೊಂಡ, ಕನ್ನಡಕ ಹಾಕಿದ ದಪ್ಪ ರೇಷ್ಮೆ ಹುಳು. ಕೆಳಗೆ ಗುಂಡು ಅಕ್ಷರದಲ್ಲಿ ದೊಡ್ಡಮ್ಮನ ಮಾತು, ಎರಡು ಸಾಲು.

ಕೇಳಬಹುದಿತ್ತು. ಇಳಿದು ಬಂದು "ದೊಡ್ಡಮ್ಮ, ಇದನ್ನ ಹಾಕ್ಲಾ?" ಎಂದರೆ ಆಗುತ್ತಿತ್ತು. ಅವಳು ಆಗ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದಳು, ಹತ್ತು ಮೆಟ್ಟಿಲು ಕೆಳಗೆ. ಕೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಟೀ ಶರ್ಟು ಯಾರೋ ಎಲ್ಲೋ ಹಾಕುತ್ತಾರೆ, ಇವಳಿಗೆ ಎಲ್ಲಿ ಕಾಣುತ್ತದೆ ಎಂದು ಲೆಕ್ಕ ಹಾಕಿದೆ. ನನ್ನ ಗಿರಾಕಿ ಎಲ್ಲಿರುತ್ತಾನೆ, ಏನು ತಿನ್ನುತ್ತಾನೆ ಎಂದು ಎರಡು ಪುಟ ಬರೆದವಳಿಗೆ, ಆ ಗಿರಾಕಿಗೂ ಊರಲ್ಲಿ ನೆಂಟರಿರುತ್ತಾರೆ, ಹಬ್ಬ ಹುಣ್ಣಿಮೆಗೆ ಬರುತ್ತಾನೆ ಎಂಬುದು ಹೊಳೆಯಲಿಲ್ಲ. ನಮ್ಮವರಿಗಾಗಿಯೇ ಮಾಡಿದ ಸಾಮಾನು ನಮ್ಮವರ ಮನೆಗೇ ಬಂದೀತು ಎಂದು ಯೋಚಿಸದಷ್ಟು ಜಾಣೆ ನಾನು.

ದೀಪಾವಳಿಯ ಹೊತ್ತಿಗೆ ಫೋನು ದಿನವೆಲ್ಲ ಟಣ್ ಎನ್ನುತ್ತಿತ್ತು. ಚಿಂತಾಮಣಿ, ಗೌರಿಬಿದನೂರಿನ ವಿಳಾಸಗಳಿಂದ ಹಿಡಿದು ಹೆಸರೇ ಕೇಳದ ಊರುಗಳವರೆಗೆ ಆರ್ಡರು ಬಂದವು. "ನಮ್ಮಮ್ಮ ಥೇಟ್ ಹೀಗೇ ಹೇಳೋದು" ಎಂದು ಯಾರೋ ಬರೆದಿದ್ದರು. ಓದಿ ತಾರಸಿಯ ಮೇಲೆ ಒಬ್ಬಳೇ ಕುಣಿದೆ. ಸುಳ್ಳೇಕೆ, ನನ್ನ ಬದುಕಿನಲ್ಲಿ ಅಷ್ಟು ಖುಷಿ ಪಟ್ಟ ದಿನಗಳು ಬೇರೆ ಇಲ್ಲ. ಮಾದರಿ ಅಂಗಿಯೊಂದು ಪೋಸ್ಟಿನಲ್ಲಿ ಬಂತು. ದೊಡ್ಡಮ್ಮ ಕವರನ್ನು ಮೂಸಿ "ಇದನ್ನ ಹುಳುಮನೆ ಕಡೆ ತರ್ಬೇಡ ಕಣಮ್ಮ, ಈ ವಾಸ್ನೆ ಆಗಲ್ಲ ಅವುಕ್ಕೆ" ಎಂದಳು. ಒಳಗೇನಿದೆ ಎಂದು ಕೇಳಲಿಲ್ಲ. ನಾನು ಅದನ್ನು ಟ್ರಂಕಿನ ತಳದಲ್ಲಿ ಇಟ್ಟೆ. ಅವಳಿಂದ ನಾನು ಬಚ್ಚಿಟ್ಟ ಮೊದಲ ವಸ್ತು ಅದು.

ಮಾಘದಲ್ಲಿ ಮಂಚೇನಹಳ್ಳಿಯಲ್ಲಿ ದೊಡ್ಡಮ್ಮನ ಅಕ್ಕನ ಮಗನದು ಗೃಹಪ್ರವೇಶ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಕೈಗೆ ಬಿಡುವಾಗಿತ್ತು, ನಾವಿಬ್ಬರೂ ಹೋದೆವು. ದೊಡ್ಡಮ್ಮ ಹಸಿರು ಸೀರೆ ಉಟ್ಟಿದ್ದಳು, ತಿಂಗಳುಗಳ ಮೇಲೆ ಮಲ್ಲಿಗೆ ಮುಡಿದಿದ್ದಳು. ಹೊಸ ಮನೆಯ ಪಕ್ಕ ಶಾಮಿಯಾನ, ಎಲೆ ಹಾಕಿದ್ದರು. ನಾವು ಕೂತೆವು. ಬಡಿಸುವವರು ಬಂದರು.

ಏಳೆಂಟು ಜನ ಇಪ್ಪತ್ತೈದು ಮೂವತ್ತರ ಗಂಡುಹುಡುಗರು, ಮನೆಯವನ ಗೆಳೆಯರು. ಎಲ್ಲರ ಮೈಮೇಲೂ ಒಂದೇ ಹಳದಿ ಟೀ ಶರ್ಟು. ಕನ್ನಡಕದ ಹುಳು. ಗೃಹಪ್ರವೇಶಕ್ಕೆ ಇದಕ್ಕಿಂತ ಒಪ್ಪುವ ಅಂಗಿ ಇನ್ನಾವುದು ಎಂದು ಯಾರೋ ಒಟ್ಟಿಗೆ ತರಿಸಿದ್ದರು. ಕೋಸಂಬರಿ ಬಡಿಸುವವನು ಒಂದೊಂದು ಎಲೆಯ ಮುಂದೆಯೂ ಬಗ್ಗಿ ಅದನ್ನು ರಾಗವಾಗಿ ಹೇಳುತ್ತಾ ಬರುತ್ತಿದ್ದ. ಪಂಕ್ತಿಯಲ್ಲಿ ನಗುವೋ ನಗು. ದೊಡ್ಡಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಅವಳ ತುಟಿ ಅಲ್ಲಾಡುವುದನ್ನು ನಾನು ಪಕ್ಕದಿಂದ ನೋಡಿದೆ. ತಿ, ನ್ನು. ಅವನು ಅಷ್ಟರಲ್ಲಿ ನಮ್ಮ ಎಲೆಗೆ ಬಂದಿದ್ದ.

"ತಿನ್ನು ಅಜ್ಜಿ ತಿನ್ನು, ನಾಳೆ ಮನೆ ಕಟ್ಕೋಬೇಕು."

"ಇದು ಯಾರ್ ಹೇಳಿದ್ದಪ್ಪ?" ದೊಡ್ಡಮ್ಮ ಕೇಳಿದಳು.

"ಯಾರ್ ಹೇಳಿದ್ದೂ ಅಲ್ಲ ಅಜ್ಜಿ. ಆನ್‌ಲೈನಲ್ಲಿ ಬರುತ್ತೆ."

ಅವಳು ತಿರುಗಿ ನನ್ನನ್ನು ಒಂದು ಸಲ ನೋಡಿದಳು. ಆ ಮಾತು ಆಡುವಾಗ ಅಲ್ಲಿದ್ದವರು ಇಬ್ಬರೇ. ನಾನು ಎಲೆಯ ತುದಿಯ ಉಪ್ಪು ನೋಡುತ್ತಾ ಕೂತೆ. ಅವಳು ಊಟ ಬಿಡಲಿಲ್ಲ. ಹೋಳಿಗೆ ಬೇಡ ಎನ್ನಲಿಲ್ಲ. ಎಲೆ ಮಡಚಿ, ಕೈ ತೊಳೆದು, ಅರಿಶಿನ ಕುಂಕುಮ ತೆಗೆದುಕೊಂಡು, ಅಕ್ಕನ ಮಗನಿಗೆ ಚೆನ್ನಾಗಿ ಬಾಳಪ್ಪ ಎಂದು ಹೇಳಿ ಹೊರಟಳು. ಚಿಕ್ಕಬಳ್ಳಾಪುರದವರೆಗೆ ಒಂದು ಬಸ್ಸು, ಶಿಡ್ಲಘಟ್ಟಕ್ಕೆ ಇನ್ನೊಂದು, ಸಾದಲಿಗೆ ಮತ್ತೊಂದು. ಮೂರು ಬಸ್ಸಿನಲ್ಲೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮನೆಗೆ ಬಂದ ಕೂಡಲೇ ತಾರಸಿಗೆ ಓಡಿ ಆ ಚಿತ್ರವನ್ನು ಅಳಿಸಿದೆ. ಕೆಳಗೆ ಬಂದಾಗ ಅವಳು ಹಿತ್ತಲಲ್ಲಿ ಚಂದ್ರಿಕೆ ಉಜ್ಜುತ್ತಿದ್ದಳು, ಹುಳು ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟೆ ಅದು.

"ತೆಗೆದ್ಬಿಟ್ಟೆ ದೊಡ್ಡಮ್ಮ. ಇನ್ನು ಯಾರಿಗೂ ಸಿಗಲ್ಲ."

"ತೆಗೆದ್ರೆ ಅವರ ಬಾಯಿಂದ ಹೋಗುತ್ತಾ?"

"ತಪ್ಪಾಯ್ತು."

"ನಿಂಗೂ ಹೊಟ್ಟೆಪಾಡು. ಕೈಗೆ ಸಿಕ್ಕಿದ್ದು ಮಾರ್ಕೊಂಡೆ ಬಿಡು." ಇನ್ನೊಂದು ಚಂದ್ರಿಕೆ ಎಳೆದುಕೊಂಡಳು. "ನಾನೇ ಹೇಳಿಕೊಟ್ನಲ್ಲ, ತಗೊಳ್ಳೋನ ಕಡೆಯಿಂದ ನೋಡು ಅಂತ. ನೀನು ನೋಡ್ದೆ."

ದೊಡ್ಡಪ್ಪನಿಗೆ ವಿಷಯ ಗೊತ್ತಾಗಿ ಅವರು ಹೆಮ್ಮೆಪಟ್ಟರು. "ನಿನ್ ಮಾತು ಪಟ್ಟಣ ಸೇರ್ತಲ್ಲೇ, ನಾನೇ ಇನ್ನೂ ಸರಿಯಾಗಿ ನೋಡಿಲ್ಲ ಪಟ್ಟಣಾನ" ಎಂದು ನಕ್ಕರು. ಡೈರಿಗೆ ಹಾಲು ಹಾಕುವಲ್ಲಿ ಹೇಳಿಯೂ ಬಂದರು. ಆಮೇಲೆ ಊರಿನ ಹೆಂಗಸರು ಸೊಪ್ಪಿನ ಹೊರೆಯ ಜೊತೆ ಎದುರಾದಾಗ "ಮಕ್ಕಳು ತಿಂದ್ವಾ ನಾರಾಯಣಮ್ಮ?" ಎನ್ನತೊಡಗಿದರು. ತಮಾಷೆಗೇ, ಕೆಟ್ಟ ಮನಸ್ಸಿಲ್ಲ. ಮಕ್ಕಳಿಲ್ಲದವಳನ್ನು ಹಾಗೆ ಕೇಳಬಾರದು ಎಂದು ಯಾರಿಗೂ ಅನ್ನಿಸಲಿಲ್ಲ. ಅವಳು "ಏನೋ, ತಿಂತವೆ" ಎಂದು ಮುಂದೆ ಹೋಗುತ್ತಿದ್ದಳು.

ಮುಂದಿನ ಬೆಳೆಗೆ ಹುಳು ತಂದೆವು. ದೊಡ್ಡಮ್ಮ ಎಂದಿನ ಹಾಗೆ ಕಾಲು ಅದ್ದಿ ಒಳಗೆ ಹೋದಳು, ಸೊಪ್ಪು ಹಾಸಿದಳು, ಹೊರಗೆ ಬಂದಳು. ಮಾತಿಲ್ಲ. ನಾನಿರುವುದಕ್ಕೆ ಇರಬೇಕು ಎಂದು ಒಂದು ದಿನ ಹೊರಗೇ ನಿಂತು ಕೇಳಿದೆ. ಆಗಲೂ ಇಲ್ಲ. ಮೊದಲನೇ ಜ್ವರ, ಎರಡು, ಮೂರು, ನಾಲ್ಕು. ಎಲ್ಲಾ ಸುಮ್ಮನೆ ಕಳೆಯಿತು. ಹುಳುಗಳಿಗೇನೂ ಆಗಲಿಲ್ಲ. ಚೆನ್ನಾಗಿ ತಿಂದವು, ಗಟ್ಟಿ ಗೂಡು ಕಟ್ಟಿದವು. ಬೆಳೆ ಕೆಟ್ಟಿದ್ದರೆ ಮಾತು ಹೊಸ್ತಿಲು ದಾಟಿದ ತಪ್ಪಿಗೆ ಎಂದು ಅವಳು ನನ್ನನ್ನು ಬೈಯಬಹುದಿತ್ತು, ನಾನು ಅಳಬಹುದಿತ್ತು. ಅದಕ್ಕೂ ಎಡೆ ಸಿಗಲಿಲ್ಲ.

ಗೂಡು ಬಿಡಿಸುವ ದಿನ ತಡೆಯಲಾಗದೆ ಕೇಳಿದೆ. "ನನ್ನ ಮೇಲಿನ ಸಿಟ್ಟು ಅವುಗಳ ಮೇಲೆ ಯಾಕೆ ದೊಡ್ಡಮ್ಮ? ಮುಂಚಿನ ಹಾಗೆ ಮಾತಾಡು."

ಅವಳು ಒಂದು ಗೂಡಿನ ಮೇಲಿನ ನವಿರು ನೂಲನ್ನು ಬಿಡಿಸಿ ಪಕ್ಕಕ್ಕಿಟ್ಟಳು. "ಸಿಟ್ಟಿಲ್ಲ ಕಣೇ. ಬಾಯಿಗೆ ಬರುತ್ತೆ. ಬಂದ ತಕ್ಷಣ ಆ ಕೋಸಂಬರಿ ಹುಡುಗ ನೆನಪಾಗ್ತಾನೆ. ನಾನೇ ಯಾರನ್ನೋ ಅಣಕಿಸ್ದಂಗೆ ಆಗುತ್ತೆ."

ಅದಾದ ಮೇಲೆ ಯುಗಾದಿಗೆ ವಾಪಸು ನಮ್ಮ ಮನೆಗೆ ಬಂದುಬಿಟ್ಟೆ. ದೊಡ್ಡಪ್ಪ ಆಗಲೇ ಚೆನ್ನಾಗಿ ನಡೆಯುತ್ತಿದ್ದರು, ಅದು ನೆಪವೂ ಆಯಿತು. ಅಳಿಸಿದ ಚಿತ್ರವನ್ನು ಯಾರ್ಯಾರೋ ಕದ್ದು ತಾವೇ ಮಾಡಿದ್ದೆಂದು ಮಾರತೊಡಗಿದ್ದರು. ಈಗಲೂ ಮಾರುತ್ತಾರೆ. ನನಗೆ ಆ ಒಂದು ಚಿತ್ರದ ಹೆಸರಿನಿಂದಲೇ ಮುಂದಿನ ಕೆಲಸಗಳು ಸಿಕ್ಕವು. ನನ್ನ ಅನ್ನದ ಬುಡದಲ್ಲಿ ಅವಳ ಮಾತಿದೆ. ಹಬ್ಬಕ್ಕೆ ಹೋದರೆ ಹಿತಕಿದ ಬೇಳೆ ಸಾರು ಮಾಡಿ ತುಪ್ಪ ಸುರಿದು ಬಡಿಸುತ್ತಾಳೆ, ತಲೆಗೆ ಎಣ್ಣೆ ಹಚ್ಚುತ್ತಾಳೆ. ಆದರೆ ನನ್ನನ್ನು ಛೇಡಿಸುವುದನ್ನು ಬಿಟ್ಟಿದ್ದಾಳೆ. ಏನಾದರೂ ತುಂಟ ಮಾತು ಬಾಯಿಗೆ ಬಂದಾಗ ನನ್ನ ಕೈಯಲ್ಲಿ ಫೋನು ಇದೆಯಾ ಎಂದು ನೋಡುತ್ತಾಳೆ, ಆಮೇಲೆ ಬಿಸಿಲು ಜಾಸ್ತಿ ಎಂದೋ ಬಸ್ಸು ಸಿಕ್ಕಿತಾ ಎಂದೋ ಕೇಳುತ್ತಾಳೆ.

ಹೋದ ತಿಂಗಳು, ಐದು ವರ್ಷದ ಮೇಲೆ, ಕೂತು ಎಲ್ಲಾ ಬಾಯಿಬಿಟ್ಟು ಕ್ಷಮೆ ಕೇಳಿಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೊರಟೆ. ಹೇಳದೆ ಹೋಗಿದ್ದೆ. ದೊಡ್ಡಪ್ಪ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. "ಹುಳುಮನೇಲಿದಾಳೆ, ಹೋಗು" ಎಂದರು. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಬಿಡಲು ಬಗ್ಗಿದೆ. ಒಳಗೆ ದೊಡ್ಡಮ್ಮ ಮಾತಾಡುತ್ತಿದ್ದಳು.

ಮೊದಲಿನ ಮಾತಲ್ಲ. ಬೇರೆ, ಹೊಸದು. ತೆಲುಗು ಜಾಸ್ತಿ, ದನಿ ಸ್ವಲ್ಪ ಒಡೆದಿತ್ತು. ಮಧ್ಯೆ ಒಂದು ಸಲ ತಾನೇ ನಕ್ಕಳು. ನನ್ನ ಕಣ್ಣು ತುಂಬಿತು. ಅದೇ ಗಳಿಗೆಯಲ್ಲಿ, ಹೇಳಲು ನಾಚಿಕೆಯಾಗುತ್ತದೆ, ನನ್ನ ತಲೆ ಆ ಮಾತನ್ನು ಎರಡು ಸಾಲಾಗಿ ಒಡೆದು ಮುಗಿಸಿತ್ತು. ಕಡುನೀಲಿ ಬಟ್ಟೆ, ಬಿಳಿ ಅಕ್ಷರ. ಹೊಸದಾಗಿ ತಾಯಾದವರು ಕೊಳ್ಳುತ್ತಾರೆ ಎಂಬಲ್ಲಿಗೂ ಹೋಗಿ ಬಂದಿತ್ತು.

ಆ ಮಾತು ಏನೆಂದು ಇಲ್ಲಿ ಬರೆಯುವುದಿಲ್ಲ. ಬಿಟ್ಟ ಒಂದು ಚಪ್ಪಲಿಯನ್ನು ಕೈಗೆ ತೆಗೆದುಕೊಂಡು, ಇನ್ನೊಂದನ್ನೂ ಕಳಚಿ, ಸದ್ದಾಗದ ಹಾಗೆ ಅಂಗಳ ದಾಟಿದೆ. ದೊಡ್ಡಪ್ಪ ತಲೆಯೆತ್ತಿದರು.

"ಯಾಕಮ್ಮ, ಒಳಗೆ ಹೋಗ್ಲಿಲ್ವಾ?"

"ಕೆಲಸದಲ್ಲಿದಾಳೆ ದೊಡ್ಡಪ್ಪ. ನಾನು ಬಂದಿದ್ದೆ ಅಂತ ಹೇಳ್ಬೇಡಿ."